ಸಾಸಿವೆಯಷ್ಟು ಜೀವಕ್ಕೊಂದು ನಾಮಕರಣ

ಹುಟ್ಟಿದ ಕೂಸಿಗೆ ಹೆಸರಿಡುವುದು ನಮ್ಮಲ್ಲಿ ಒಂದು ಸಂಸ್ಕಾರ. ತೊಟ್ಟಿಲು ಕಟ್ಟಿ, ಬಂಧುಬಳಗವನ್ನು ಕರೆದು, ಶಿಶುವಿನ ಕಿವಿಯಲ್ಲಿ ಹೆಸರನ್ನು ಉಸುರಿದ ಮೇಲೆಯೇ ಅದು ಮನೆತನದ ಲೆಕ್ಕಕ್ಕೆ ಬರುವುದು. ಕಾಡಿನ ಜೀವಿಗಳಿಗೆ ಹೆಸರಿಡುವ ಪಂಡಿತರೂ ಇಂತಹುದೇ ಒಂದು ಸಂಸ್ಕಾರವನ್ನು ನಡೆಯಿಸುತ್ತಾರೆ. ಅದಕ್ಕೂ ವಿಧಿನಿಷೇಧಗಳುಂಟು, ಸಾಕ್ಷಿಗಳುಂಟು, ಕುಲಗೋತ್ರಗಳ ವಿಚಾರವುಂಟು. ಆನೆ, ಹುಲಿ ಮೊದಲಾದ ದೊಡ್ಡ ಪ್ರಾಣಿಗಳಿಗೆ ಈ ಸಂಸ್ಕಾರವು ಬಹು ಹಿಂದೆಯೇ ನಡೆದುಹೋಗಿದೆ. ಕಣ್ಣಿಗೆ ಬೀಳದ ಸಣ್ಣ ಜೀವಗಳ ಸರದಿಯು ಮಾತ್ರ ಇನ್ನೂ ಮುಗಿದಿಲ್ಲ. ಅಂತಹ ಒಂದು ಜೀವದ ನಾಮಕರಣವು ಹೇಗೆ ನಡೆಯಿತೆಂಬುದನ್ನು ಈ ತಿಂಗಳು ವಾಚಕರಿಗೆ ತಿಳಿಸಬೇಕೆಂದು ನನ್ನ ಉದ್ದೇಶ.

ಆ ಜೀವವು ಒಂದು ಬಸವನಹುಳು. ಬೋರ್ನಿಯೋ ದ್ವೀಪದ ಬ್ರೂನೈ ದೇಶದಲ್ಲಿ, ಕ್ವಾಲ ಬೆಲಲೊಂಗ್ ಎಂಬ ಮಳೆಗಾಡಿನ ನಿವಾಸಿ. ಅದರ ಚಿಪ್ಪಿನ ಉದ್ದ ಸುಮಾರು 2 ಮಿಲಿಮೀಟರು, ಅಂದರೆ ಒಂದು ಸಾಸಿವೆಯ ಕಾಳಿನಷ್ಟು. ಇದಕ್ಕಿಂತಲೂ ಸಣ್ಣವು ಇಲ್ಲವೆಂದಲ್ಲ. ಅದೇ ದ್ವೀಪದಲ್ಲಿ 2015ರಲ್ಲಿ ಹೆಸರು ಪಡೆದ ಅಕ್ಮೆಲ್ಲ ನಾನ ಎಂಬ ಬಸವನಹುಳುವಿನ ಚಿಪ್ಪು ಸುಮಾರು 0.7 ಮಿಲಿಮೀಟರು ಮಾತ್ರ. ರಾಗಿಯ ಕಾಳು ಅದರ ಮುಂದೆ ಹಿರಿಯಣ್ಣ. “ಇಷ್ಟು ಸಣ್ಣ ಹುಳುವಿಗೆ ಹೆಸರಿಟ್ಟರೇನು, ಬಿಟ್ಟರೇನು? ಮನೆಮಠದ ಚಿಂತೆಯುಳ್ಳವರಿಗೆ ಇದರಿಂದ ಆಗಬೇಕಾದುದೇನು?” ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಮೊದಲು ವಿಷಯವನ್ನು ಹೇಳಿ, ಬಳಿಕ ಆ ಪ್ರಶ್ನೆಗೆ ಬರುತ್ತೇನೆ.

ಸಾಸಿವೆಯಷ್ಟು ಪ್ರಾಣಿಯನ್ನು ದಟ್ಟವಾದ ಕಾಡಿನಲ್ಲಿ ಕಂಡುಹಿಡಿಯುವುದಾದರೂ ಹೇಗೆ? ಇದಕ್ಕೆ ಎರಡು ಉಪಾಯಗಳುಂಟು. ಒಂದನೆಯದು, ರಾತ್ರಿಯ ಹೊತ್ತು ದೀಪವನ್ನು ಹಿಡಿದು ಗಿಡಗಳ ಎಲೆಗಳನ್ನು ಒಂದೊಂದಾಗಿ ನೋಡುವುದು. ಹಗಲಿನ ಒಣಹವೆಗೆ ಅಂಜಿ ಅಡಗಿರುವ ಈ ಜೀವಗಳು ರಾತ್ರಿಯ ತಂಪಿನಲ್ಲಿ ಮೇಯಲು ಹೊರಡುತ್ತವೆ. ನಾವು ಹೇಳಹೊರಟ ಹುಳುವೂ ಹೀಗೆಯೇ, ನದಿಯ ದಡದ ಕಡಿದಾದ ಗುಡ್ಡದ ಬುಡದಲ್ಲಿ, ಮರಗಳ ಅಡಿಯ ಸಣ್ಣ ಗಿಡಗಳ ಹಸುರೆಲೆಗಳ ಮೇಲೆ ರಾತ್ರಿ ಸಿಕ್ಕಿತು. ಎರಡನೆಯ ಉಪಾಯವು ನಮ್ಮ ಗೃಹಿಣಿಯರಿಗೆ ಚೆನ್ನಾಗಿ ಪರಿಚಿತವಾದುದು. ತರಗೆಲೆಗಳ ಅಡಿಯ ಮಣ್ಣನ್ನು ತಂದು, ಜರಡಿಯಲ್ಲಿ ಆಡಿಸಿ, ನೀರು ತುಂಬಿದ ಪಾತ್ರೆಯಲ್ಲಿ ಕದಡುತ್ತಾರೆ. ಅಕ್ಕಿಯನ್ನು ತೊಳೆಯುವಾಗ ಹೊಟ್ಟು ಮೇಲೆ ತೇಲುವಂತೆ, ಒಳಗೆ ಗಾಳಿಯನ್ನು ಹಿಡಿದುಕೊಂಡಿರುವ ಬರಿಯ ಚಿಪ್ಪುಗಳು ಮೇಲಕ್ಕೆ ತೇಲುತ್ತವೆ. ಮಣ್ಣು ಕೆಳಗೆ ನಿಲ್ಲುತ್ತದೆ. ತೇಲಿದುದನ್ನು ಬಳಿದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಆರಿಸಿದರೆ, ಒಂದು ಬುಟ್ಟಿ ಮಣ್ಣಿನಲ್ಲಿ ಒಂದು ಊರಿನ ಜನವೇ ಕಾಣಸಿಗುವುದುಂಟು.

ಸಿಕ್ಕಿದ ಜೀವವು ಯಾವುದೆಂದು ಹೇಳಬೇಕಾದರೆ ಲಕ್ಷಣವನ್ನು ಹೇಳಬೇಕು. ಲಕ್ಷಣವೆಂಬುದು ಸಾಮಾನ್ಯವಾದ ಮಾತಲ್ಲ. ತರ್ಕಶಾಸ್ತ್ರವನ್ನು ಓದುವ ಹುಡುಗರಿಗೆ ಮೊದಲಲ್ಲಿಯೇ ಲಕ್ಷಣದ ಮೂರು ದೋಷಗಳನ್ನು ಕಲಿಸುವುದುಂಟು. ಹಸುವಿಗೆ ಲಕ್ಷಣವನ್ನು ಹೇಳೆಂದರೆ, “ಕಪಿಲವರ್ಣವುಳ್ಳುದು” ಎಂದವನು ಬಿಳಿಯ ಹಸುವನ್ನು ಹೊರಗೆ ಬಿಟ್ಟನು, ಇದು ಅವ್ಯಾಪ್ತಿ. “ಕೊಂಬುಳ್ಳುದು” ಎಂದವನು ಎಮ್ಮೆಯನ್ನೂ ಆಡನ್ನೂ ಒಳಗೆ ಸೇರಿಸಿಕೊಂಡನು, ಇದು ಅತಿವ್ಯಾಪ್ತಿ. “ಒಂದೇ ಗೊರಸುಳ್ಳುದು” ಎಂದವನ ಲಕ್ಷಣವು ಯಾವ ಹಸುವಿಗೂ ಹೊಂದದು; ಇದು ಅಸಂಭವ. ಕೊರಳ ಕೆಳಗೆ ಗಂಗೆದೊಗಲುಳ್ಳುದೆಂದವನೇ ಸರಿಯಾಗಿ ಹೇಳಿದವನು. ಕೊಂಬೇ ಲಕ್ಷಣವಾದರೆ ನಮ್ಮ ಬಸವನಹುಳುವೂ ಹಸುವೇ ಆಗಬೇಕಷ್ಟೆ! ಪ್ರಾಣಿಶಾಸ್ತ್ರಜ್ಞರು ತರ್ಕಸಂಗ್ರಹವನ್ನು ಓದಿದವರಲ್ಲದಿರಬಹುದು. ಆದರೆ ಅವರ ದುಡಿಮೆಯೆಲ್ಲವೂ ಈ ಮೂರು ದೋಷಗಳಿಂದ ಪಾರಾಗುವುದಕ್ಕಾಗಿಯೇ ಇದೆಯೆಂದು ಹೇಳಿದರೆ ತಪ್ಪಾಗಲಾರದು.

ಇನ್ನು ಆ ಕೊಂಬುಗಳ ವಿಚಾರವನ್ನೇ ನೋಡೋಣ. ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಗೋಡೆಯ ಮೇಲೆ ಹರಿಯುವ ಸಾಮಾನ್ಯ ಬಸವನಹುಳುವಿಗೆ ಕೊಂಬುಗಳು ಎರಡು ಜೊತೆ. ಮೇಲಿನ ಉದ್ದನೆಯ ಜೊತೆಯ ತುದಿಯಲ್ಲಿ ಕಣ್ಣುಗಳಿರುತ್ತವೆ. ಇವುಗಳಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲ. ಒಂದೇ ದೇಹವು ಅರ್ಧನಾರೀಶ್ವರನಂತೆ ಎರಡೂ ಆಗಿರುತ್ತದೆ. ಮಳೆಗಾಡಿನಲ್ಲಿ ಇನ್ನೊಂದು ಬಗೆಯ ಬಸವನಹುಳುಗಳುಂಟು. ಅವುಗಳಿಗೆ ಕೊಂಬು ಒಂದೇ ಜೊತೆ. ಕಣ್ಣುಗಳು ತುದಿಯಲ್ಲಿರದೆ ಕೊಂಬಿನ ಬುಡದಲ್ಲಿರುತ್ತವೆ. ಗಂಡು ಬೇರೆ, ಹೆಣ್ಣು ಬೇರೆ. ಇವುಗಳ ಪಾದದ ಹಿಂಭಾಗದಲ್ಲಿ ಒಂದು ಗಟ್ಟಿಯಾದ ಬಿಲ್ಲೆಯಿರುತ್ತದೆ. ಅಪಾಯ ಬಂದಾಗಲೂ ಹವೆ ಒಣಗಿದಾಗಲೂ ಪ್ರಾಣಿಯು ಒಳಗೆ ಸರಿದು, ಕರಡಿಗೆಗೆ ಮುಚ್ಚಳವಿಡುವಂತೆ ಈ ಬಿಲ್ಲೆಯಿಂದ ಚಿಪ್ಪಿನ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ನೋಡುವುದಕ್ಕೆ ಇವೆರಡು ಬಗೆಗಳೂ ಒಂದೇ ಎಂಬಂತೆ ತೋರಿದರೂ, ಇವು ಬೇರೆಬೇರೆ ಕಾಲದಲ್ಲಿ ನೀರನ್ನು ಬಿಟ್ಟು ನೆಲಕ್ಕೆ ಬಂದ ಬೇರೆಬೇರೆ ವಂಶಗಳು. ಬ್ರೂನೈಯ ಹುಳುವಿಗೆ ಮುಚ್ಚಳವಿದ್ದಿತು. ಆದುದರಿಂದ ಅದು ಎರಡನೆಯ ಬಗೆಗೆ ಸೇರಿತು. ಅದರ ಕುಟುಂಬದ ಹೆಸರು ಸೈಕ್ಲೊಫೊರಿಡೀ. ಗ್ರೀಕ್ ಭಾಷೆಯ ಈ ಮಾತನ್ನು ಸಂಸ್ಕೃತಕ್ಕೆ ತಿರುಗಿಸಿದರೆ “ಚಕ್ರಧರ” ಎಂದಾಗುತ್ತದೆ; ಚಿಪ್ಪಿನ ಬಾಯಿಯೂ ಅದರ ಮುಚ್ಚಳವೂ ಚಕ್ರದಂತೆ ದುಂಡಗಿರುತ್ತವೆ.

ಕುಟುಂಬವು ತಿಳಿದ ಮೇಲೆ ಚಿಪ್ಪನ್ನು ಓದಬೇಕು. ಚಿಪ್ಪು ಎಂಬುದು ಪ್ರಾಣಿಯು ತಾನೇ ಬರೆದಿಟ್ಟ ಜಾತಕ. ಮೊಟ್ಟೆಯಲ್ಲಿರುವಾಗ ಕಟ್ಟಿದ ಮೊದಲ ಸುತ್ತು ತುದಿಯಲ್ಲಿ ಹಾಗೆಯೇ ಉಳಿಯುತ್ತದೆ; ಬೆಳೆದಂತೆಲ್ಲ ಬಾಯಿಯ ಅಂಚಿಗೆ ಸುಣ್ಣವನ್ನು ಸೇರಿಸುತ್ತ, ಸುತ್ತಿನ ಮೇಲೆ ಸುತ್ತಾಗಿ ಅದು ಮುಂದುವರಿಯುತ್ತದೆ. ಮುದುಕನಾದರೂ ತನ್ನ ಬಾಲ್ಯವನ್ನು ತಲೆಯ ಮೇಲೆ ಹೊತ್ತು ತಿರುಗುವ ಪ್ರಾಣಿ ಇದು. ಸುತ್ತುಗಳೆಷ್ಟು, ಒಂದಕ್ಕೂ ಇನ್ನೊಂದಕ್ಕೂ ನಡುವಣ ಹೊಲಿಗೆಯು ಆಳವೋ ಮೇಲುಮೇಲೋ, ಮೈಮೇಲಿನ ಗೆರೆಗಳು ಉದ್ದಕ್ಕೋ ಅಡ್ಡಕ್ಕೋ, ಬಾಯಿಯ ತುಟಿಯು ತೆಳುವೋ ದಪ್ಪವೋ, ಬುಡದ ನಡುವೆ ಕುಳಿಯುಂಟೋ ಇಲ್ಲವೋ, ಇವೆಲ್ಲವನ್ನೂ ಎಣಿಸಿ, ಅಳೆದು, ಚಿತ್ರ ತೆಗೆದಿಡುತ್ತಾರೆ. ಆ ಕುಳಿಗೆ ಶಾಸ್ತ್ರಜ್ಞರಿಟ್ಟ ಲ್ಯಾಟಿನ್ ಹೆಸರಿನ ಅರ್ಥವೂ “ನಾಭಿ” ಎಂದೇ.

ಸುರುಳಿಯು ಬಲಕ್ಕೋ ಎಡಕ್ಕೋ ಎಂಬುದನ್ನೂ ನೋಡುತ್ತಾರೆ. ಇಲ್ಲಿ ನಮ್ಮವರಿಗೆ ಒಂದು ಎಚ್ಚರಿಕೆಯು ಅವಶ್ಯ. ಶಾಸ್ತ್ರಜ್ಞರು ಚಿಪ್ಪಿನ ತುದಿಯನ್ನು ಮೇಲಕ್ಕೆ ಮಾಡಿ, ಬಾಯಿಯನ್ನು ತಮ್ಮತ್ತ ತಿರುಗಿಸಿ ಹಿಡಿಯುತ್ತಾರೆ. ಬಾಯಿಯು ಬಲಗಡೆಗೆ ಕಂಡರೆ ಬಲಸುರುಳಿ, ಎಡಗಡೆಗೆ ಕಂಡರೆ ಎಡಸುರುಳಿ. ದೇವರ ಮನೆಯ ಸಾಮಾನ್ಯ ಶಂಖವು ಈ ಲೆಕ್ಕದಲ್ಲಿ ಬಲಸುರುಳಿ. ಲಕ್ಷಕ್ಕೊಂದೆಂದು ನಾವು ಪೂಜಿಸುವ ದಕ್ಷಿಣಾವರ್ತ ಶಂಖವಾದರೋ ಅವರ ಲೆಕ್ಕದಲ್ಲಿ ಎಡಸುರುಳಿ! ನಾವು ಶಂಖವನ್ನು ಹಿಡಿಯುವ ಬಗೆಯೇ ಬೇರೆಯಾದುದರಿಂದ ಮಾತು ತಿರುಗುಮುರುಗಾಗಿದೆಯೇ ಹೊರತು ವಸ್ತುವಿನಲ್ಲಿ ವಿವಾದವಿಲ್ಲ. ಹೇಗೆ ಹಿಡಿದು ನೋಡಬೇಕೆಂಬ ಒಪ್ಪಂದವಿಲ್ಲದಿದ್ದರೆ ಬಲವೂ ಎಡವಾಗುವುದೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ಕುಲದ ಮಾತು. ಒಂದು ಕಾಲದಲ್ಲಿ ದುಂಡುಬಾಯಿಯ ನೆಲದ ಬಸವನಹುಳುಗಳನ್ನೆಲ್ಲ “ಸೈಕ್ಲೊಸ್ಟೋಮ” ಎಂಬ ಒಂದೇ ಕುಲದಲ್ಲಿ ತುಂಬುತ್ತಿದ್ದರು. ಆ ಮಾತಿಗೆ ಅರ್ಥವೇ “ವೃತ್ತಮುಖ.” ಲಕ್ಷಣವು ಅತಿವ್ಯಾಪ್ತಿಯದಾಯಿತು, ಕುಲವು ಸಂತೆಯಾಯಿತು. ಬಂಗಾಳದಲ್ಲಿ ಕಂಪನಿ ಸರಕಾರದ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಬೆನ್ಸನ್ ಎಂಬವರು 1851ರಲ್ಲಿ ದಕ್ಷಿಣ ಹಿಂದುಸ್ಥಾನದ ಒಂದು ಸಣ್ಣ ಹುಳುವಿಗೆ “ಸೈಕ್ಲೊಸ್ಟೋಮ ಕಸ್ಪಿಡೇಟಮ್” ಎಂದು ಹೆಸರಿಟ್ಟರು. ಭೂವಿಜ್ಞಾನ ಇಲಾಖೆಯ ವಿಲಿಯಂ ಥಾಮಸ್ ಬ್ಲಾನ್‌ಫರ್ಡ್ ಅವರು 1864ರಲ್ಲಿ ಅದನ್ನು ಆ ಸಂತೆಯಿಂದ ಬಿಡಿಸಿ, “ಕ್ರಾಸ್ಪೆಡೊಟ್ರೋಪಿಸ್” ಎಂಬ ಹೊಸ ಕುಲವನ್ನು ಕಟ್ಟಿದರು. ಗ್ರೀಕ್ ಭಾಷೆಯಲ್ಲಿ “ಕ್ರಾಸ್ಪೆಡೊನ್” ಎಂದರೆ ಬಟ್ಟೆಯ ಅಂಚು. “ಟ್ರೋಪಿಸ್” ಎಂದರೆ ದೋಣಿಯ ಅಡಿಯ ಏಣು. ಹೀಗೆ ನಮ್ಮ ಸಹ್ಯಾದ್ರಿಯ ಹುಳುವೊಂದು ಆ ಕುಲಕ್ಕೆ ಮೂಲಪುರುಷನಾಯಿತು. ಬ್ರೂನೈಯ ಹುಳುವು ಸೇರಿದುದೂ ಇದೇ ಕುಲಕ್ಕೆ! ಸಮುದ್ರದಾಚೆಯ ಜೀವವೊಂದಕ್ಕೆ ಗೋತ್ರವನ್ನು ಹೇಳಬೇಕಾದಾಗ ಸಹ್ಯಾದ್ರಿಯ ಕಡೆಗೆ ಬೆರಳು ತೋರಿಸಬೇಕಾಯಿತೆಂಬುದು ಸ್ವಾರಸ್ಯವಲ್ಲವೆ?

ವ್ಯಾಕರಣಪ್ರಿಯರಿಗೆ ಇಲ್ಲಿ ಇನ್ನೂ ಒಂದು ಸ್ವಾರಸ್ಯವುಂಟು. “ಕಸ್ಪಿಡೇಟಮ್” ಎಂದಿದ್ದುದು ಕುಲವು ಬದಲಾದೊಡನೆ “ಕಸ್ಪಿಡೇಟ” ಆಯಿತು. ಏಕೆಂದರೆ “ಸೈಕ್ಲೊಸ್ಟೋಮ” ಎಂಬುದು ನಪುಂಸಕಲಿಂಗ, “ಕ್ರಾಸ್ಪೆಡೊಟ್ರೋಪಿಸ್” ಸ್ತ್ರೀಲಿಂಗ. ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸುವಂತೆ, ಈ ಲ್ಯಾಟಿನ್ ನಾಮಗಳಲ್ಲಿಯೂ ಜಾತಿಯ ವಿಶೇಷಣವು ಕುಲನಾಮದ ಲಿಂಗವನ್ನು ಅನುಸರಿಸತಕ್ಕುದೆಂದು ನಿಯಮವಿದೆ.

ಕುಲವು ಗೊತ್ತಾದ ಬಳಿಕವೇ ಕಠಿನವಾದ ಕೆಲಸ. ಇದು ಹೊಸ ಜಾತಿಯೋ, ಹಿಂದೆ ಯಾರೋ ಹೆಸರಿಟ್ಟ ಜಾತಿಯೋ? ಅದೇ ಕುಲದ ಎಲ್ಲ ಜಾತಿಗಳ ವರ್ಣನೆಗಳನ್ನೂ ಹಳೆಯ ಮಾದರಿಗಳನ್ನೂ ತಂದು ಹೋಲಿಸಬೇಕು. ಈಗ ಇದರೊಡನೆ ಡಿ.ಎನ್.ಎ. ಎಂಬ ವಂಶದ್ರವ್ಯದ ಒಂದು ತುಣುಕನ್ನೂ ಓದಿ ತಾಳೆನೋಡುವ ಪದ್ಧತಿಯು ಬಂದಿದೆ. ರೂಪದಲ್ಲಿ ಒಂದೇ ಎಂದು ತೋರುವವು ವಂಶದಲ್ಲಿ ಬೇರೆಯಾಗಿರಬಹುದು. ರೂಪದಲ್ಲಿ ಬೇರೆಯೆಂದು ತೋರುವವು ಒಂದೇ ಜಾತಿಯ ಎಳೆಯದು ಬಲಿತದು ಆಗಿರಬಹುದು. ಇವೆಲ್ಲ ತೀರ್ಮಾನವಾದ ಮೇಲೆ ಒಂದೇ ಒಂದು ಚಿಪ್ಪನ್ನು ಆರಿಸಿ, ಅದನ್ನು ಹೆಸರಿಗೆ ಆಧಾರವೆಂದು ಸಾರಿ, ಸಂಗ್ರಹಾಲಯದಲ್ಲಿ ಇರಿಸುತ್ತಾರೆ. ಇದಕ್ಕೆ ಹೋಲೋಟೈಪ್ ಎಂದು ಹೆಸರು. ನಾವು “ನಾಮಾಧಾರ” ಎನ್ನಬಹುದು. ಮುಂದೆ ನೂರು ವರುಷಗಳ ಮೇಲೆ ಸಂಶಯ ಬಂದರೂ ಪಂಡಿತರು ಆ ಒಂದು ಚಿಪ್ಪನ್ನೇ ಸಾಕ್ಷಿಗೆ ಕರೆಯುತ್ತಾರೆ. ವರ್ಣನೆಯನ್ನು ಎಲ್ಲರಿಗೂ ದೊರೆಯುವ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಒಂದೇ ಜಾತಿಗೆ ಇಬ್ಬರು ಹೆಸರಿಟ್ಟರೆ ಮೊದಲು ಪ್ರಕಟವಾದುದೇ ನಿಲ್ಲುವುದು. ಈ ಲೆಕ್ಕವು ಸ್ವೀಡನ್ನಿನ ಲಿನ್ನೇಯಸ್ ಪಂಡಿತರ ಗ್ರಂಥದ ಹತ್ತನೆಯ ಆವೃತ್ತಿಯಿಂದ, 1758ನೆಯ ವರ್ಷದಿಂದ, ಆರಂಭವಾಗುತ್ತದೆ.

ಬ್ರೂನೈಯ ಹುಳುವಿನ ಹೆಸರು 2020ರಲ್ಲಿ ಪ್ರಕಟವಾಯಿತು: “ಕ್ರಾಸ್ಪೆಡೊಟ್ರೋಪಿಸ್ ಗ್ರೆಟಥುನ್‌ಬರ್ಗೀ.” ಹವಾಮಾನದ ಏರುಪೇರಿನ ವಿಷಯದಲ್ಲಿ ಲೋಕವನ್ನು ಎಚ್ಚರಿಸಿದ ಸ್ವೀಡನ್ ದೇಶದ ತರುಣಿ ಗ್ರೇಟಾ ಥುನ್‌ಬರ್ಗ್ ಅವರ ಹೆಸರು ಇದು, ಕೊನೆಯ ಪ್ರತ್ಯಯವು ಷಷ್ಠೀವಿಭಕ್ತಿ. ಇದನ್ನು ಕಂಡುಹಿಡಿದವರೂ ವರ್ಣಿಸಿದವರೂ ಪಂಡಿತರು ಮಾತ್ರವೇ ಅಲ್ಲ. ಮೆನ್ನೊ ಸ್ಖಿಲ್ತ್‌ಹೌಜನ್ ಎಂಬ ಡಚ್ ಶಾಸ್ತ್ರಜ್ಞರು ಮೊದಲಾದವರೊಡನೆ ಕಲಿಯಲು ಬಂದ ಸಾಮಾನ್ಯ ಜನರೂ ಇದರಲ್ಲಿ ಸೇರಿದ್ದರು. ಅಲ್ಲಿದ್ದವರು ಮತ ಹಾಕಿಯೇ ಹೆಸರನ್ನು ನಿರ್ಣಯಿಸಿದರು. ಹುಳುವಿಗೂ ಆ ತರುಣಿಗೂ ಏನು ಸಂಬಂಧವೆಂದು ಕೇಳಬೇಕಾಗಿಲ್ಲ. ಶಬ್ದಗಳಲ್ಲಿ ಯೌಗಿಕವೆಂದೂ ರೂಢವೆಂದೂ ಎರಡು ಬಗೆಗಳಿರುವಂತೆ, ಈ ಹೆಸರುಗಳಲ್ಲಿಯೂ ಕೆಲವು ಗುಣವನ್ನು ಹೇಳುತ್ತವೆ, ಕೆಲವು ಗುರುತಿಗೆ ಮಾತ್ರ ನಿಲ್ಲುತ್ತವೆ. ಆದರೂ ಇಲ್ಲಿ ಒಂದು ಔಚಿತ್ಯವಿದೆ. ಈ ಕುಟುಂಬದ ಹುಳುಗಳು ಬರಗಾಲವನ್ನೂ ಅತಿಯಾದ ಸೆಕೆಯನ್ನೂ ಕಾಡಿನ ನಾಶವನ್ನೂ ತಾಳಲಾರವು.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಹೆಸರಿಡದಿದ್ದರೆ ನಷ್ಟವೇನು? ಇದಕ್ಕೆ ಮಲಯ ದೇಶದ ಒಂದು ಕಥೆಯೇ ಉತ್ತರ. ಬ್ಲಾನ್‌ಫರ್ಡ್ ಸೋದರರು 1860ರಲ್ಲಿ ನಮ್ಮ ನೀಲಗಿರಿಯ ಒಂದು ಕಿರುಹುಳುವಿಗೆ “ಓಪಿಸ್ಥೋಸ್ಟೋಮ ನೀಲ್ಗಿರಿಕಮ್” ಎಂದು ಹೆಸರಿಟ್ಟರು. ಚಿಪ್ಪಿನ ಕೊನೆಯ ಸುತ್ತು ಮೊದಲಿನ ದಾರಿಯನ್ನು ಬಿಟ್ಟು ಹಿಂದಕ್ಕೆ ತಿರುಗುವುದರಿಂದ “ಹಿಂದೆ ಬಾಯುಳ್ಳುದು” ಎಂಬ ಅರ್ಥದ ಕುಲನಾಮವು ಬಂದಿತು. ಇದರ ದಾಯಾದಿಗಳು ಮಲಯ ಮತ್ತು ಬೋರ್ನಿಯೋ ಸೀಮೆಗಳ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಬಹಳವಾಗಿವೆ. ಚಿಪ್ಪಿಗೆ ಸುಣ್ಣವು ಬೇಕು. ಸುಣ್ಣಕಲ್ಲಿನ ಗುಡ್ಡಗಳು ಸಮುದ್ರದ ನಡುವಣ ದ್ವೀಪಗಳಂತೆ ಒಂದರಿಂದೊಂದು ದೂರವಾಗಿವೆ. ಆದುದರಿಂದ ಒಂದು ಗುಡ್ಡದ ಹುಳುವು ಇನ್ನೊಂದು ಗುಡ್ಡಕ್ಕೆ ಹೋಗಲಾರದೆ, ಅಲ್ಲಲ್ಲಿಯೇ ಬೇರೆಬೇರೆ ಜಾತಿಗಳಾಗಿ ಒಡೆದಿವೆ.

ವಾನ್ ಬೆಂತೆಮ್ ಯುಟಿಂಗ್ ಎಂಬ ಡಚ್ ವಿದುಷಿಯು 1952ರಲ್ಲಿ ಪಹಾಂಗ್ ಸೀಮೆಯ ಬುಕಿತ್ ಪಂಚಿಂಗ್ ಎಂಬ ಗುಡ್ಡದ ಇಂತಹ ಹುಳುವೊಂದಕ್ಕೆ “ಸೈಯಾಫಿಲಮ್” ಎಂದು ಹೆಸರಿಟ್ಟರು. ಮೊದಲು ಓಪಿಸ್ಥೋಸ್ಟೋಮ ಕುಲದಲ್ಲಿದ್ದು, ಈಗ ಪ್ಲೆಕ್ಟೋಸ್ಟೋಮ ಕುಲದಲ್ಲಿ ಇಡಲ್ಪಟ್ಟಿದೆ. ಹೆಸರಿಗೆ “ನೆರಳನ್ನು ಪ್ರೀತಿಸುವುದು” ಎಂದರ್ಥ, ಛಾಯಾಪ್ರಿಯವೆನ್ನೋಣ. ಬೇರೆಲ್ಲಿಯೂ ಅದು ಸಿಕ್ಕಲಿಲ್ಲ. ಆ ಗುಡ್ಡವನ್ನು ಕಲ್ಲಿಗಾಗಿ ಒಡೆಯುತ್ತ ಬಂದರು. 2007ರ ಹೊತ್ತಿಗೆ ಗುಡ್ಡವೇ ಇಲ್ಲವಾಯಿತು. ನೆರಳೂ ಇಲ್ಲ, ನೆರಳನ್ನು ಪ್ರೀತಿಸಿದ ಜೀವವೂ ಇಲ್ಲ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದನ್ನು ನಿರ್ವಂಶವಾದುದೆಂದು ಬರೆದಿದ್ದಾರೆ. ಲಕ್ಷಾಂತರ ವರುಷಗಳ ವಂಶವೊಂದು ಒಬ್ಬ ಮನುಷ್ಯನ ಆಯುಷ್ಯದೊಳಗೆ ಹೆಸರನ್ನು ಪಡೆದು, ಹೆಸರನ್ನು ಮಾತ್ರ ಉಳಿಸಿ ಹೋಯಿತು.

ಈ ಹುಳುವಿಗೆ ಹೆಸರಾದರೂ ಇದ್ದಿತು. ಆದುದರಿಂದಲೇ ಅದು ಹೋದುದು ನಮಗೆ ತಿಳಿಯಿತು. ಹೆಸರಿಲ್ಲದೆಯೇ ಹೋದವುಗಳ ಲೆಕ್ಕವನ್ನು ಯಾರು ಬಲ್ಲರು? ಕಾನೂನು ಕಾಪಾಡಬೇಕಾದರೂ ಹೆಸರು ಬೇಕು. ಕಡೆಗೆ ಅತ್ತು ಶ್ರಾದ್ಧ ಮಾಡಬೇಕಾದರೂ ಹೆಸರೇ ಬೇಕಷ್ಟೆ. ಇದನ್ನು ಅರಿತೇ 2014ರಲ್ಲಿ ಪಂಡಿತರು ಒಂದು ಜಾಣ್ಮೆಯನ್ನು ತೋರಿದರು. ಮಲಯದ ಪೇರಾಕ್ ಸೀಮೆಯ ಕಂತಾನ್ ಗುಡ್ಡದಲ್ಲಿ ಹೊಸದಾಗಿ ಸಿಕ್ಕಿದ ಹುಳುವಿಗೆ, ಆ ಗುಡ್ಡದ ಕಲ್ಲನ್ನು ತೆಗೆಯುತ್ತಿದ್ದ ಲಫಾರ್ಜ್ ಎಂಬ ಸಿಮೆಂಟು ಕಂಪನಿಯ ಹೆಸರನ್ನೇ ಇಟ್ಟು “ಕಾರೋಪ ಲಫಾರ್ಜೀ” ಎಂದರು. ಮಗುವಿಗೆ ಊರ ಗೌಡರ ಹೆಸರನ್ನಿಟ್ಟರೆ ಗೌಡರು ಆ ಮಗುವಿನ ಕ್ಷೇಮವನ್ನು ಮರೆಯುವಂತಿಲ್ಲವಷ್ಟೆ!

ಹಾಗಾದರೆ ಹೆಸರನ್ನು ಬಲ್ಲವರೆಲ್ಲರೂ ಲೋಕಕ್ಕೆ ಹಿತವನ್ನೇ ಮಾಡುತ್ತಾರೆಯೆ? ಅದೂ ನಿಶ್ಚಯವಿಲ್ಲ. ಮೇಲೆ ಹೇಳಿದ ಬೆನ್ಸನ್ ಅವರೇ 1847ರಲ್ಲಿ ಮಾರಿಷಸ್ ದ್ವೀಪದಿಂದ ಆಫ್ರಿಕದ ದೊಡ್ಡ ಬಸವನಹುಳುವನ್ನು ಕಲ್ಕತ್ತೆಗೆ ತಂದವರು. ಅಲ್ಲಿಯ ತೋಟವೊಂದರಲ್ಲಿ ಬಿಟ್ಟ ಅದರ ಸಂತತಿಯು ಇಂದು ನಮ್ಮ ಅಡಿಕೆ, ಬಾಳೆ, ತರಕಾರಿಗಳ ತೋಟಗಳವರೆಗೂ ಬಂದು ರೈತರನ್ನು ಗೋಳುಹೊಯ್ದುಕೊಳ್ಳುತ್ತಿದೆ. ಅದನ್ನು ಕಂಡು ರೋಸಿದವರು ಬಸವನಹುಳುವೆಂದರೆ ಸಾಕು, ಎಲ್ಲವನ್ನೂ ಉಪ್ಪು ಸುರಿದು ಕೊಲ್ಲುವುದುಂಟು. ಇದು ಅತಿವ್ಯಾಪ್ತಿದೋಷವು ಪುಸ್ತಕದಿಂದ ಹಿತ್ತಿಲಿಗೆ ಇಳಿದು ಬಂದ ಬಗೆ. ಸಹ್ಯಾದ್ರಿಯಲ್ಲಿ ಇನ್ನೂರೈವತ್ತಕ್ಕಿಂತಲೂ ಹೆಚ್ಚು ಜಾತಿಯ ನೆಲದ ಬಸವನಹುಳುಗಳಿವೆ. ಅವುಗಳಲ್ಲಿ ಬಹುಪಾಲು ಬೇರೆ ದೇಶದಲ್ಲಿಲ್ಲ. ತರಗೆಲೆಯನ್ನು ಮಣ್ಣಾಗಿಸುವುದರಲ್ಲಿ ನೆರವಾಗುತ್ತ, ಹಕ್ಕಿಗಳಿಗೂ ಕೀಟಗಳಿಗೂ ಆಹಾರವಾಗುತ್ತ ಅವು ಬಾಳುತ್ತಿವೆ. ಒಬ್ಬನ ತಪ್ಪಿಗೆ ಊರನ್ನೆಲ್ಲ ದಂಡಿಸುವುದು ನ್ಯಾಯವಲ್ಲ.

ಮಲೆನಾಡಿನ ವಾಚಕರು ಮಳೆ ಹಿಡಿದಾಗ ಮಕ್ಕಳ ಕೈಗೆ ಒಂದು ಭೂತಕನ್ನಡಿಯನ್ನು ಕೊಟ್ಟು ತೋಟದ ಅಂಚಿಗೆ ಕರೆದುಕೊಂಡು ಹೋಗಲಿ. ಜೀವಂತವಾದುದನ್ನು ಕೀಳುವುದು ಬೇಡ; ಬರಿಯ ಚಿಪ್ಪುಗಳನ್ನು ನೋಡಿದರೆ ಸಾಕು. ಕೊಂಬು ಒಂದು ಜೊತೆಯೋ ಎರಡು ಜೊತೆಯೋ, ಕಣ್ಣು ತುದಿಯಲ್ಲೋ ಬುಡದಲ್ಲೋ, ಬಾಯಿಗೆ ಮುಚ್ಚಳವುಂಟೋ ಇಲ್ಲವೋ ಎಂದು ಕೇಳಲಿ. ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ತಾನೇ ಕಂಡುಕೊಂಡ ಮಗುವು “ಹುಳು” ಎಂಬ ಒಂದೇ ಮಾತಿನಿಂದ ತೃಪ್ತಿಪಡದು. ಭೇದವನ್ನು ಕಾಣುವ ಕಣ್ಣಿಗೆ ಕಾಪಾಡಬೇಕಾದುದೂ ಕಾಣುತ್ತದೆ. ಎಲ್ಲವೂ ಒಂದೇ ಎಂದು ನೋಡುವವನಿಗೆ ಯಾವುದು ಕಳೆದುಹೋದರೂ ತಿಳಿಯದು. ನಾಮಕರಣದ ಫಲವು ಇಷ್ಟೇ; ಇಷ್ಟಾದರೆ ಅಲ್ಪವೂ ಅಲ್ಲ.